ಪ್ರಸಂಗಪೀಠದಿಂದ ಶಾಸನಸಭೆಗೆ: ಈಶಾನ್ಯದ ಮೂರು ರಾಜ್ಯಗಳಲ್ಲಿ ಚರ್ಚಿನ ರಾಜಕಾರಣ

2023ರ ಡಿಸೆಂಬರ್ 3ರಂದು ಐದು ರಾಜ್ಯಗಳ ಮತ ಎಣಿಕೆ ಎಂದು ಚುನಾವಣಾ ಆಯೋಗ ಪ್ರಕಟಿಸಿತ್ತು. ಅಂದು ನಡೆದದ್ದು ನಾಲ್ಕು ರಾಜ್ಯಗಳದ್ದು ಮಾತ್ರ. ಮಿಜೋರಂನ ಎಣಿಕೆ ಮರುದಿನ, ಸೋಮವಾರ ನಡೆಯಿತು. ಭಾನುವಾರ ಆರಾಧನೆಯ ದಿನ, ಅಂದು ಎಣಿಕೆ ಬೇಡ ಎಂದು ಅಲ್ಲಿನ ಚರ್ಚುಗಳು, ರಾಜಕೀಯ ಪಕ್ಷಗಳು, ವಿದ್ಯಾರ್ಥಿ ಸಂಘಗಳು ಒಟ್ಟಾಗಿ ಕೇಳಿಕೊಂಡಿದ್ದವು. ಅದಕ್ಕೂ ಹತ್ತು ವರ್ಷ ಹಿಂದೆ ಚರ್ಚಿನ ವಾರ್ಷಿಕ ಸಮಾವೇಶಕ್ಕೆ ಅಡ್ಡಿಯಾಗುತ್ತದೆಂದು ಅಲ್ಲಿ ಮತದಾನದ ದಿನ ಬದಲಾಗಿತ್ತು. ನಮ್ಮಲ್ಲಿ ಇದು ಒಳಪುಟದ ಸಣ್ಣ ಸುದ್ದಿ. ಮಿಜೋ ಜನರಿಗೆ ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಇರಲಿಲ್ಲ.

ಕರ್ನಾಟಕದಲ್ಲಿ ಕ್ರೈಸ್ತರು ಜನಸಂಖ್ಯೆಯ ಶೇ 2ಕ್ಕಿಂತ ಕಡಿಮೆ. ಶಾಲೆ, ಆಸ್ಪತ್ರೆ ನಡೆಸುವವರು, ಮತಾಂತರದ ಗಲಾಟೆ ಎದ್ದಾಗ ರಕ್ಷಣೆ ಕೇಳಿಕೊಂಡು ಬರುವವರು ಎಂದಷ್ಟೇ ನಮಗೆ ಅವರ ಪರಿಚಯ. 2011ರ ಜನಗಣತಿಯ ಪ್ರಕಾರ ಮಿಜೋರಂನಲ್ಲಿ ಅವರು ಶೇ 87, ನಾಗಾಲ್ಯಾಂಡ್‌ನಲ್ಲಿ ಶೇ 88ರ ಹತ್ತಿರ, ಮೇಘಾಲಯದಲ್ಲಿ ಶೇ 75ರ ಹತ್ತಿರ. ಅಲ್ಲಿ ಸಭಾಪಾಲಕರ ಮಾತಿಗೆ ಮುಖ್ಯಮಂತ್ರಿ ಕಿವಿಗೊಡಬೇಕು. ಮದ್ಯ, ಜೂಜು, ಚುನಾವಣೆಯ ಹಣ, ಮಹಿಳೆಯ ಸ್ಥಾನ, ಲೈಂಗಿಕತೆ, ನಿರಾಶ್ರಿತರು ಎಂಬ ಎಲ್ಲ ಪ್ರಶ್ನೆಗಳಲ್ಲೂ ಚರ್ಚು ಒಂದು ಪಕ್ಷಗಾರ. ಸಂಪ್ರದಾಯನಿಷ್ಠ ಕ್ರೈಸ್ತ ಧರ್ಮ ಭಾರತದ ಒಂದು ರಾಜ್ಯದ ಸಾಮಾಜಿಕ ನೀತಿಯನ್ನು ತಿದ್ದಲು ಹೊರಟರೆ ಏನಾಗುತ್ತದೆ ಎಂಬುದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ದೇಶದಲ್ಲಿಲ್ಲ. ನಾಲ್ಕು ದಶಕಗಳ ಈ ಚರಿತ್ರೆಯನ್ನು ಓದಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಚರ್ಚು ಜನರ ಮನವೊಲಿಸಿ ಮಾಡಿಸಿದ ಕೆಲಸ ಉಳಿದಿದೆ. ಪೊಲೀಸರ ಕೈಗೆ ಒಪ್ಪಿಸಿದ ಕೆಲಸ ಸಡಿಲವಾಗಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಅದು ಎರಡನ್ನೂ ಮನಸ್ಸಿಟ್ಟು ಮಾಡಲಿಲ್ಲ.

ಈ ಮನವೊಲಿಸುವ ಶಕ್ತಿ ಎಲ್ಲಿಂದ ಬಂತು? 1894ರ ಜನವರಿ 11ರಂದು ಲೊರೇನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಇಂಗ್ಲಿಷ್ ಮಿಷನರಿಗಳು ಲುಶಾಯ್ ಬೆಟ್ಟಗಳಿಗೆ ಬಂದರು. ಮಿಜೋ ಭಾಷೆಗೆ ರೋಮನ್ ಲಿಪಿ ಹೊಂದಿಸಿದವರು ಅವರೇ. ಆ ದಿನ ಮಿಜೋರಂನಲ್ಲಿ ಇಂದಿಗೂ ಸರಕಾರಿ ರಜೆ. ಅವರ ಹಿಂದೆ ವೇಲ್ಸ್‌ನ ಪ್ರೆಸ್ಬಿಟೇರಿಯನ್ನರು ಬಂದು ಉತ್ತರದಲ್ಲಿ ನೆಲೆಯೂರಿದರು, ಬ್ಯಾಪ್ಟಿಸ್ಟರು ದಕ್ಷಿಣದಲ್ಲಿ. ನಾಗಾ ಬೆಟ್ಟಗಳಿಗೆ ಅಮೆರಿಕದ ಬ್ಯಾಪ್ಟಿಸ್ಟರು 1872ರಷ್ಟು ಹಿಂದೆಯೇ ಕಾಲಿಟ್ಟಿದ್ದರು. ಅಕ್ಷರ, ಔಷಧ, ಧರ್ಮ ಮೂರೂ ಒಂದೇ ಬಾಗಿಲಿನಿಂದ ಒಳಗೆ ಬಂದವು. ಆದರೆ ಚರ್ಚನ್ನು ಕಟ್ಟಿ ಬೆಳೆಸಿದವರು ಹೊರಗಿನವರಲ್ಲ. ಮಿಜೋ ಮನೆಗಳಲ್ಲಿ ‘ಬುಹ್‌ಫಾಯ್ ಥಾಮ್’ ಎಂಬ ರೂಢಿ ಇದೆ. ಅಡುಗೆಗೆ ಅಕ್ಕಿ ಅಳೆದುಕೊಳ್ಳುವಾಗ ಮನೆಯ ಹೆಂಗಸು ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಾಳೆ. ಹೀಗೆ ಹೊತ್ತುಹೊತ್ತಿಗೆ ಕೂಡಿಟ್ಟ ಅಕ್ಕಿಯನ್ನು ಚರ್ಚಿನ ಹೆಂಗಸರು ಮನೆಮನೆಯಿಂದ ಸಂಗ್ರಹಿಸಿ ಮಾರುತ್ತಾರೆ, ಬಂದ ಹಣ ಚರ್ಚಿನ ಕೆಲಸಕ್ಕೆ ಹೋಗುತ್ತದೆ. ಬಡವರ ಮನೆಯ ಡಬ್ಬವೂ ಖಾಲಿ ಇರುವುದಿಲ್ಲ. ತನ್ನ ಒಲೆಯ ಅಕ್ಕಿ ಕೊಟ್ಟು ಬೆಳೆಸಿದ ಸಂಸ್ಥೆ ಬುದ್ಧಿಮಾತು ಹೇಳಿದರೆ ಜನ ಕೇಳುತ್ತಾರೆ.

1966ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಬಂಡೆದ್ದಿತು, ಐಜೋಲ್ ಮೇಲೆ ವಾಯುಪಡೆಯ ವಿಮಾನಗಳು ದಾಳಿ ಮಾಡಿದವು, ಹಳ್ಳಿಗಳನ್ನು ಎಬ್ಬಿಸಿ ಕಾವಲಿನ ಶಿಬಿರಗಳಿಗೆ ಸಾಗಿಸಲಾಯಿತು. ಆ ಇಪ್ಪತ್ತು ವರ್ಷ ಎರಡೂ ಕಡೆಯವರೊಂದಿಗೆ ಮಾತಾಡಬಲ್ಲ ಸಂಸ್ಥೆಯಾಗಿ ಉಳಿದದ್ದು ಚರ್ಚು. 1986ರ ಜೂನ್ 30ರ ಶಾಂತಿ ಒಪ್ಪಂದದ ಹಿಂದೆ ಅದರ ಪರಿಶ್ರಮ ಇದೆ. ಮರುವರ್ಷ ರಾಜ್ಯ ಹುಟ್ಟಿದಾಗ, ಸರಕಾರಕ್ಕಿಂತ ಹಳೆಯದೂ ಹೆಚ್ಚು ನಂಬಿಕೆಯದೂ ಆದ ಸಂಸ್ಥೆ ಅಲ್ಲಿ ಮೊದಲೇ ಇತ್ತು.

ಈ ಸಂಸ್ಥೆ ರಾಜ್ಯಾಧಿಕಾರದಿಂದ ಬೇಡಿದ ಮೊದಲ ದೊಡ್ಡ ವರ ಪಾನನಿಷೇಧ. ಹಳೆಯ ಮಿಜೋ ಬದುಕಿನಲ್ಲಿ ‘ಜು’ ಎಂಬ ಅಕ್ಕಿಯ ಮದ್ಯವಿಲ್ಲದೆ ಹಬ್ಬವಿಲ್ಲ, ಮದುವೆಯಿಲ್ಲ. ಕ್ರೈಸ್ತನಾಗುವುದೆಂದರೆ ಅದನ್ನು ಬಿಡುವುದು ಎಂದು ಮೊದಲ ತಲೆಮಾರಿನಲ್ಲೇ ನಿರ್ಧಾರವಾಯಿತು. ಎರಡು ತಲೆಮಾರು ಕಾನೂನಿನ ನೆರವಿಲ್ಲದೆ ಈ ನಿಯಮ ನಡೆಯಿತು, ಚೆನ್ನಾಗಿಯೇ ನಡೆಯಿತು. ಆಮೇಲೆ ಕಾನೂನು ಬಂತು. ನಾಗಾಲ್ಯಾಂಡ್ ಬ್ಯಾಪ್ಟಿಸ್ಟ್ ಚರ್ಚ್ ಮಂಡಳಿಯ ಒತ್ತಾಯಕ್ಕೆ ನಾಗಾಲ್ಯಾಂಡ್ ಸರಕಾರ 1989ರಲ್ಲಿ ಸಂಪೂರ್ಣ ಪಾನನಿಷೇಧ ಕಾಯ್ದೆ ತಂದಿತು. ಮಿಜೋರಂ 1995ರಲ್ಲಿ ಕಾಯ್ದೆ ಮಾಡಿ 1997ರಿಂದ ಜಾರಿಗೆ ತಂದಿತು.

ಆಮೇಲಿನ ಕಥೆ ಗಮನಿಸಬೇಕಾದ್ದು. ಮಿಜೋರಂನಲ್ಲಿ ನಿಷೇಧ ತಂದ ಕಾಂಗ್ರೆಸ್ ಮುಖ್ಯಮಂತ್ರಿ ಲಾಲ್ ಥನ್ಹಾವ್ಲಾ ಅವರೇ 2014ರಲ್ಲಿ ಅದನ್ನು ತೆಗೆದು ಪರವಾನಗಿ ಪದ್ಧತಿ ತಂದರು. 2015ರಲ್ಲಿ ಐಜೋಲ್‌ನಲ್ಲಿ ಅಂಗಡಿಗಳು ತೆರೆದವು. ಚರ್ಚುಗಳು ಸಿಡಿದೆದ್ದವು. 2018ರ ಚುನಾವಣೆಯಲ್ಲಿ ಕಾಂಗ್ರೆಸ್ ನಲವತ್ತರಲ್ಲಿ 5 ಸ್ಥಾನಕ್ಕೆ ಇಳಿಯಿತು, ಮುಖ್ಯಮಂತ್ರಿ ನಿಂತ ಎರಡೂ ಕ್ಷೇತ್ರಗಳಲ್ಲಿ ಸೋತರು. ಹತ್ತು ವರ್ಷದ ಆಡಳಿತದ ಬಗ್ಗೆ ಬೇಸರವೂ ಇತ್ತು, ಮದ್ಯವೊಂದೇ ಕಾರಣ ಎನ್ನಲಾಗದು. ಗೆದ್ದದ್ದು ಅಷ್ಟರಲ್ಲಿ ರಾಜಕೀಯ ಪಕ್ಷವಾಗಿದ್ದ ಮಿಜೋ ನ್ಯಾಷನಲ್ ಫ್ರಂಟ್. ಅದರ ನಾಯಕ ಜೋರಂಥಂಗಾ ಕೊಟ್ಟ ಮಾತಿನಂತೆ 2019ರಲ್ಲಿ ಮತ್ತೆ ನಿಷೇಧ ತಂದರು. 2023ರಲ್ಲಿ ಅವರೂ ಸೋತರು. ಅವರ ನಂತರ ಬಂದ ಲಾಲ್‌ದುಹೋಮಾ ಸರಕಾರ 2025ರ ಮಾರ್ಚ್‌ನಲ್ಲಿ ನಿಷೇಧ ಉಳಿಸಿಕೊಂಡೇ, ಸ್ಥಳೀಯ ಹಣ್ಣು ಮತ್ತು ಬೆಳೆಗಳಿಂದ ಮಾಡಿದ ವೈನ್, ಬಿಯರ್‌ಗೆ ದಾರಿ ಬಿಟ್ಟ ತಿದ್ದುಪಡಿ ಮಾಡಿತು. ಮಿಜೋ ನ್ಯಾಷನಲ್ ಫ್ರಂಟ್ ವಿರೋಧಿಸಿತು. ಈ ತಿದ್ದುಪಡಿಗೂ ಹಿಂದಿನ ಎಳೆಯಿದೆ. ಮ್ಯಾನ್ಮಾರ್ ಗಡಿಗೆ ಹತ್ತಿರದ ಹ್ನಾಹ್ಲಾನ್, ಚಂಫಾಯ್ ಕಡೆ ರೈತರು ದ್ರಾಕ್ಷಿ ಬೆಳೆಯುತ್ತಾರೆ. ಮೊದಲ ನಿಷೇಧದ ಕಾಲದಲ್ಲೇ ಆ ದ್ರಾಕ್ಷಿಯ ವೈನ್‌ಗೆ ವಿನಾಯಿತಿ ಸಿಕ್ಕಿತ್ತು. ಬೆಳೆ ಕೊಳೆಯುವುದನ್ನು ನೋಡುತ್ತಾ ಕೂತ ರೈತನೂ ಚರ್ಚಿನ ಸದಸ್ಯನೇ. ಅವನ ಕಷ್ಟವನ್ನು ಯಾವ ಸಭಾಪಾಲಕನೂ ತಳ್ಳಿಹಾಕುವಂತಿಲ್ಲ.

ನಾಗಾಲ್ಯಾಂಡ್‌ನಲ್ಲಿ ಕಾಯ್ದೆ ಮೂವತ್ತೈದಕ್ಕೂ ಹೆಚ್ಚು ವರ್ಷಗಳಿಂದ ಇದೆ, ದಿಮಾಪುರದಲ್ಲಿ ಮದ್ಯವೂ ಸಿಗುತ್ತದೆ. ಅಸ್ಸಾಂ ಪಕ್ಕದಲ್ಲೇ ಇದೆ, ಸರಕು ಬರುತ್ತದೆ, ದುಪ್ಪಟ್ಟು ಬೆಲೆಗೆ ಮಾರಾಟವಾಗುತ್ತದೆ, ತೆರಿಗೆ ಸರಕಾರಕ್ಕಿಲ್ಲ. ಕಿಸಾಮಾದಲ್ಲಿ ಪ್ರತಿ ಡಿಸೆಂಬರ್ ನಡೆಯುವ ಹಾರ್ನ್‌ಬಿಲ್ ಉತ್ಸವದಲ್ಲಿ ಬಿದಿರಿನ ಲೋಟದಲ್ಲಿ ಅಕ್ಕಿಯ ಬಿಯರ್ ಕೊಡುವುದು ಪ್ರವಾಸಿಗರೆಲ್ಲ ಕಂಡದ್ದೇ. 2024ರ ಉತ್ಸವಕ್ಕೆ ನಿಷೇಧ ಸಡಿಲಿಸಲು ಸರಕಾರ ಹೊರಟಾಗ ಚರ್ಚ್ ಮಂಡಳಿ ಬಲವಾಗಿ ಆಕ್ಷೇಪಿಸಿತು. ಜಾರಿಯಲ್ಲಿರುವ ಲೋಪ ಸರಕಾರದ್ದು, ಕಾಯ್ದೆಯದ್ದಲ್ಲ ಎಂಬುದು ಮಂಡಳಿಯ ವಾದ. ಅರ್ಧ ನಿಜ. ಆದರೆ ಮೂರು ದಶಕ ಯಾವ ಸರಕಾರವೂ ಜಾರಿ ಮಾಡಲಾಗದ ಕಾಯ್ದೆಯಲ್ಲಿ ಏನೋ ಕೊರತೆ ಇದೆ ಎಂದು ಒಪ್ಪಿಕೊಳ್ಳಲೇಬೇಕು.

ನಾವು ಈ ಚರ್ಚುಗಳನ್ನು ಹಳೆಯ ಕಾಲದವೆಂದು ಕಡೆಗಣಿಸುವಂತಿಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ನಡೆದು ಬಂದದ್ದು ಇದೇ ಪಾನನಿಷೇಧದ ಬೇಡಿಕೆ ಹೊತ್ತು. 2007ರಲ್ಲಿ ಸಾರಾಯಿ ನಿಷೇಧವಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಕುಡಿತ ನಿಲ್ಲಲಿಲ್ಲ, ಅಗ್ಗದ ಬ್ರಾಂದಿ ವಿಸ್ಕಿಗೆ ತಿರುಗಿತು. ಕುಡುಕ ಗಂಡನ ಏಟು ತಿಂದವಳ ಸಂಕಟ ಐಜೋಲ್‌ನಲ್ಲೂ ದೇವದುರ್ಗದಲ್ಲೂ ಒಂದೇ. ಅವಳ ಮಾತನ್ನು ಅಲ್ಲಿ ಎತ್ತಿ ಹೇಳಲು ಚರ್ಚಾದರೂ ಇದೆ. ನಮ್ಮಲ್ಲಿ ಅಬಕಾರಿ ಆದಾಯದ ಎದುರು ಅವಳು ಒಬ್ಬಂಟಿ. ನನ್ನ ತಕರಾರು ಚರ್ಚಿನ ಉದ್ದೇಶದ ಬಗ್ಗೆ ಅಲ್ಲ, ಅದು ಆರಿಸಿಕೊಂಡ ಉಪಾಯದ ಬಗ್ಗೆ.

ಬೇರೆ ಉಪಾಯವೂ ಅದಕ್ಕೆ ಗೊತ್ತಿದೆ, ಅದನ್ನು ಅದೇ ಮಿಜೋರಂ ಚರ್ಚು ತೋರಿಸಿಕೊಟ್ಟಿದೆ. 2006ರಲ್ಲಿ ಪ್ರೆಸ್ಬಿಟೇರಿಯನ್ ಚರ್ಚಿನ ಆಡಳಿತ ಸಭೆಯಾದ ಸಿನಾಡ್ ಮುಂದಾಳತ್ವದಲ್ಲಿ ಮಿಜೋರಂ ಪೀಪಲ್ಸ್ ಫೋರಂ ಹುಟ್ಟಿತು. ಚುನಾವಣೆಯಲ್ಲಿ ಹಣ ಚೆಲ್ಲುವುದನ್ನು ತಡೆಯುವುದು ಅದರ ಗುರಿ. ಪಕ್ಷಗಳೆಲ್ಲ ಅದರೊಂದಿಗೆ ಒಂದು ಒಡಂಬಡಿಕೆಗೆ ಸಹಿ ಹಾಕುತ್ತವೆ. ಬಾಡೂಟ ಹಾಕುವಂತಿಲ್ಲ. ಮನೆಮನೆ ತಿರುಗಿ ಮತ ಕೇಳುವಂತಿಲ್ಲ. ಬಾವುಟ, ಬ್ಯಾನರ್‌ಗಳಿಗೆ ಮಿತಿ. ಊರಿನ ಸಭಾಭವನದಲ್ಲಿ ಫೋರಂ ಒಂದು ವೇದಿಕೆ ಏರ್ಪಡಿಸುತ್ತದೆ. ಕ್ಷೇತ್ರದ ಅಭ್ಯರ್ಥಿಗಳೆಲ್ಲ ಅದರ ಮೇಲೆ ಅಕ್ಕಪಕ್ಕ ಕೂರುತ್ತಾರೆ, ಪ್ರತಿಯೊಬ್ಬರಿಗೂ ಸಮಾನ ಸಮಯ. ಎದುರಾಳಿ ಮಾತಾಡುವಾಗ ಕೇಳಿಸಿಕೊಳ್ಳಲೇಬೇಕು. ಬೆಂಚುಗಳ ಮೇಲೆ ಕೂತವರು ಎರಡೂ ಮಾತನ್ನು ಒಂದೇ ಸಂಜೆ ತೂಗಿ ನೋಡುತ್ತಾರೆ. ಊರೂರಲ್ಲಿ ಫೋರಂನ ಘಟಕಗಳಿವೆ, ತಪ್ಪಿದವರ ಹೆಸರು ಹೊರಬೀಳುತ್ತದೆ. ಇದಕ್ಕೆ ಕಾನೂನಿನ ಬಲ ಇಲ್ಲ, ಸಹಿ ಮುರಿದವನನ್ನು ಜೈಲಿಗೆ ಹಾಕಲಾಗದು. ಆದರೂ 2008ರಿಂದ ವಿಧಾನಸಭಾ ಚುನಾವಣೆಗಳು ಹೀಗೆಯೇ ನಡೆದಿವೆ, ದೇಶದಲ್ಲೇ ಶಾಂತವಾದ ಚುನಾವಣೆಗಳೆಂಬ ಹೆಸರು ಪಡೆದಿವೆ. ಮತಕ್ಕೆ ಇಷ್ಟು ಎಂದು ದರ ಕಟ್ಟುವ ಪದ್ಧತಿಗೆ ನಾವು ಕರ್ನಾಟಕದಲ್ಲಿ ಹೊಂದಿಕೊಂಡು ಬದುಕುತ್ತಿದ್ದೇವೆ. ಈ ವೇದಿಕೆಯ ವಿವರ ಓದುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ.

ದೋಷವೂ ಇದೆ. ಚುನಾಯಿತವಲ್ಲದ ಒಂದು ಧಾರ್ಮಿಕ ವ್ಯವಸ್ಥೆ ಯಾರು ಎಲ್ಲಿ ಮಾತಾಡಬೇಕೆಂದು ನಿಗದಿ ಮಾಡುವುದು ಸರಿಯೇ? ದಕ್ಷಿಣ ಮಿಜೋರಂನ ಬೌದ್ಧ ಚಕ್ಮಾ ಮತದಾರನಿಗೆ ಸಿನಾಡ್ ಹಿಡಿತದ ವೇದಿಕೆ ಎಷ್ಟು ತನ್ನದೆನಿಸುತ್ತದೆ? ಸಣ್ಣ ಪಕ್ಷಕ್ಕೆ, ಹೊಸಬರಿಗೆ ಮನೆಮನೆಗೆ ಹೋಗುವುದೊಂದೇ ದಾರಿ, ಅದನ್ನೂ ಮುಚ್ಚಿದರೆ ಹೇಗೆ? ಈ ಪ್ರಶ್ನೆಗಳಿಗೆ ಫೋರಂ ಉತ್ತರ ಕೊಡಬೇಕು.

ನಾಗಾಲ್ಯಾಂಡ್ ಚರ್ಚ್ ಮಂಡಳಿಯೂ ಶುದ್ಧ ಚುನಾವಣೆಗಾಗಿ ಅಭಿಯಾನ ನಡೆಸುತ್ತ ಬಂದಿದೆ. ಒಬ್ಬರಿಗೆ ಒಂದೇ ಮತ ಎಂದು ಅದು ಬಿಡಿಸಿ ಹೇಳಬೇಕಾಗಿ ಬಂದದ್ದೇ ಪರಿಸ್ಥಿತಿಯನ್ನು ತಿಳಿಸುತ್ತದೆ. ಮನೆಯ ಯಜಮಾನ ಎಲ್ಲರ ಮತವನ್ನೂ ತಾನೇ ಹಾಕುವ, ಊರಿನ ಹಿರಿಯರು ಇಡೀ ಊರಿನ ಮತವನ್ನು ಒಬ್ಬನಿಗೆ ತೀರ್ಮಾನಿಸುವ ರೂಢಿ ಅಲ್ಲಿ ಇನ್ನೂ ಹೋಗಿಲ್ಲ. ಮಿಜೋರಂನಲ್ಲಿ ಬಹುತೇಕರಿಗೆ ಒಂದೇ ಭಾಷೆ, ಒಂದು ದೊಡ್ಡ ಸಿನಾಡ್. ನಾಗಾಲ್ಯಾಂಡ್‌ನಲ್ಲಿ ಬುಡಕಟ್ಟಿಗೊಂದು ಭಾಷೆ, ಬುಡಕಟ್ಟಿಗೊಂದು ಚರ್ಚ್ ಸಂಘ. ಅಭ್ಯರ್ಥಿ, ಸಭಾಪಾಲಕ, ಊರ ಹಿರಿಯ ಮೂವರೂ ಒಂದೇ ಕುಲದವರಾದಾಗ ಮಂಡಳಿಯ ಪತ್ರಕ್ಕೆ ಬಲ ಸಾಲದು. 2018ರಲ್ಲಿ ಹಿಂದುತ್ವ ರಾಜಕಾರಣಕ್ಕೆ ಕೈಜೋಡಿಸಬೇಡಿ ಎಂದು ಮಂಡಳಿ ಬಹಿರಂಗ ಪತ್ರ ಬರೆಯಿತು. ಬಿಜೆಪಿ 12 ಸ್ಥಾನ ಗೆದ್ದು ಸರಕಾರದಲ್ಲಿ ಸೇರಿತು, 2023ರಲ್ಲೂ ಅಷ್ಟನ್ನೇ ಗೆದ್ದಿತು. ಕ್ರೈಸ್ತ ಮತದಾರ ಪ್ರಸಂಗಪೀಠದಿಂದ ಬಂದ ಆಣತಿಯಂತೆ ಮತ ಹಾಕುತ್ತಾನೆಂದು ದಿಲ್ಲಿಯಲ್ಲಿ ಕೂತು ಬರೆಯುವವರು ಈ ಸಂಖ್ಯೆಯನ್ನು ನೋಡಬೇಕು.

ಮೇಘಾಲಯದ ವಿಷಯ ಚಿಕ್ಕದಾಗಿ ಹೇಳಬಹುದು. ಪ್ರವಾಸಿಗರಿಗಾಗಿ ಕ್ಯಾಸಿನೊ ತೆರೆಯಲು ಅಲ್ಲಿನ ಸರಕಾರ 2021ರಲ್ಲಿ ಕಾಯ್ದೆ ಮಾಡಿತು. ಖಾಸಿ ಜೈಂತಿಯಾ ಕ್ರೈಸ್ತ ಮುಖಂಡರ ವೇದಿಕೆ ಎದ್ದು ನಿಂತಿತು, 2022ರಲ್ಲಿ ಸರಕಾರ ಕಾಯ್ದೆಯನ್ನು ಕೈಬಿಡಬೇಕಾಯಿತು. ಅದೇ ರಾಜ್ಯದ ಶಿಲ್ಲಾಂಗ್‌ನಲ್ಲಿ ‘ತೀರ್’ ಎಂಬ ಜೂಜು ಭಾನುವಾರ ಬಿಟ್ಟು ದಿನವೂ ನಡೆಯುತ್ತದೆ. ಬಿಲ್ಲುಗಾರರು ಗುರಿಗೆ ನೂರಾರು ಬಾಣ ಬಿಡುತ್ತಾರೆ, ನೆಟ್ಟ ಬಾಣಗಳನ್ನು ಎಣಿಸಿ ಕೊನೆಯ ಎರಡು ಅಂಕಿಗಳ ಮೇಲೆ ಬಾಜಿ ತೀರ್ಮಾನವಾಗುತ್ತದೆ. ರಾತ್ರಿ ಬಿದ್ದ ಕನಸಿಗೆ ಯಾವ ಅಂಕಿ ಎಂದು ಲೆಕ್ಕ ಹಾಕಿ ಬೆಳಿಗ್ಗೆ ಬೀದಿಬದಿಯ ಗೂಡಂಗಡಿಯಲ್ಲಿ ಚೀಟಿ ಕೊಳ್ಳುವವರಿದ್ದಾರೆ. ಅದು ಕಾನೂನುಬದ್ಧ, ತೆರಿಗೆಯೂ ಇದೆ. ಊರಿನ ಹಳೆಯ ಜೂಜಿನ ಜತೆ ಬಾಳಲು ಕಲಿತ ಚರ್ಚು, ಹೊರಗಿನ ಬಂಡವಾಳದ ಜೂಜಿಗೆ ಬಾಗಿಲು ಹಾಕಿತು. ಬೈಬಲ್ ಎಷ್ಟೋ ಅಷ್ಟೇ ಬುಡಕಟ್ಟಿನ ಆತ್ಮರಕ್ಷಣೆಯೂ ಇಲ್ಲಿ ಕೆಲಸ ಮಾಡಿದೆ ಎಂದು ನನ್ನ ಅನಿಸಿಕೆ.

ಈಶಾನ್ಯದ ಈ ಚರ್ಚು ರಾಜಕಾರಣವನ್ನು ಅಮೆರಿಕದ ಕ್ರೈಸ್ತ ಬಲಪಂಥದ ತದ್ರೂಪವೆಂದು ಓದುವುದು ತಪ್ಪು ಎನ್ನಲು ಇದೇ ಕಾರಣ. ಅಲ್ಲಿನ ರಾಜ್ಯಗಳಲ್ಲಿ ಚುನಾವಣೆಯನ್ನೇ ಅಲುಗಿಸುವ ಗರ್ಭಪಾತದ ಪ್ರಶ್ನೆ ಇಲ್ಲಿ ರಾಜಕೀಯ ವಿಷಯವೇ ಅಲ್ಲ. ಇಲ್ಲಿಯ ಚರ್ಚು ಒಂದು ಸಣ್ಣ ಜನಾಂಗದ ಭಾಷೆ, ನೆಲ, ಕಟ್ಟಳೆಗಳ ಕಾವಲುಗಾರ. ಸಂವಿಧಾನದ 371ಎ ಮತ್ತು 371ಜಿ ವಿಧಿಗಳು ನಾಗಾಲ್ಯಾಂಡ್ ಮತ್ತು ಮಿಜೋರಂಗಳ ಧಾರ್ಮಿಕ, ಸಾಮಾಜಿಕ ಆಚಾರಗಳಿಗೆ ರಕ್ಷಣೆ ಕೊಟ್ಟಿವೆ. ಏಕರೂಪ ನಾಗರಿಕ ಸಂಹಿತೆಯ ಮಾತು ಬಂದಾಗ 2023ರಲ್ಲಿ ಎರಡೂ ವಿಧಾನಸಭೆಗಳು ಅದರ ವಿರುದ್ಧ ನಿಲುವು ತಳೆದವು. ದೊಡ್ಡ ದೇಶದೊಳಗಿನ ಸಣ್ಣ ಜನರ ಭಯ ಅದು, ನಾನು ಅದನ್ನು ಗೌರವಿಸುತ್ತೇನೆ.

ಆದರೆ ಕಟ್ಟಳೆಯ ಕಾವಲು ಎಂಬುದು ಹೆಂಗಸರ ಮೇಲಿನ ಕಾವಲಾಗಿಯೂ ನಡೆದಿದೆ. 2017ರಲ್ಲಿ ನಾಗಾಲ್ಯಾಂಡ್ ಸರಕಾರ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇ 33 ಮೀಸಲಿಟ್ಟು ಚುನಾವಣೆ ಘೋಷಿಸಿತು. 371ಎ ವಿಧಿಗೆ ಇದು ವಿರುದ್ಧ ಎಂದು ಬುಡಕಟ್ಟು ಸಂಘಟನೆಗಳು ಬೀದಿಗಿಳಿದವು. ದಿಮಾಪುರದಲ್ಲಿ ಇಬ್ಬರು ಯುವಕರು ಗುಂಡಿಗೆ ಬಲಿಯಾದರು, ಕೊಹಿಮಾದ ಪೌರಾಡಳಿತ ಕಚೇರಿಗೆ ಬೆಂಕಿ ಬಿತ್ತು, ಮುಖ್ಯಮಂತ್ರಿ ಟಿ.ಆರ್. ಜೆಲಿಯಾಂಗ್ ರಾಜೀನಾಮೆ ಕೊಟ್ಟರು. ಚರ್ಚ್ ಮಂಡಳಿ ಶಾಂತಿಗಾಗಿ ಮಧ್ಯಸ್ಥಿಕೆಗೆ ಇಳಿಯಿತು. ಮದ್ಯದ ವಿಷಯದಲ್ಲಿ ಎತ್ತಿದ ದನಿಯಲ್ಲಿ ‘ಹೆಣ್ಣಿಗೂ ಪೀಠ ಕೊಡಿ’ ಎಂದು ಅದು ಹೇಳಲಿಲ್ಲ. ರೋಸ್‌ಮೇರಿ ಜುವಿಚು ಅವರಂಥ ನಾಗಾ ಹೆಂಗಸರು ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದ ಮೇಲೆ, ಸುಪ್ರೀಂ ಕೋರ್ಟಿನ ಒತ್ತಡದಲ್ಲಿ, 2024ರ ಜೂನ್ 26ರಂದು ಮೀಸಲಾತಿಯೊಂದಿಗೆ ಮತದಾನ ನಡೆಯಿತು. ಇಪ್ಪತ್ತು ವರ್ಷದಲ್ಲಿ ಅದೇ ಮೊದಲ ಪೌರ ಚುನಾವಣೆ. ಕರ್ನಾಟಕದಲ್ಲಿ 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಹೆಂಗಸರಿಗೆ ಕಾಲುಭಾಗ ಸ್ಥಾನ ಮೀಸಲಾಗಿತ್ತು.

1963ರಲ್ಲಿ ಹುಟ್ಟಿದ ನಾಗಾಲ್ಯಾಂಡ್‌ನ ವಿಧಾನಸಭೆಗೆ ಮೊದಲ ಬಾರಿ ಹೆಂಗಸರು ಆರಿಸಿ ಬಂದದ್ದು 2023ರಲ್ಲಿ: ಹೆಕಾನಿ ಜಖಾಲು ಮತ್ತು ಸಲ್ಹೌತುವೊನುವೊ ಕ್ರೂಸೆ. ಮಿಜೋರಂನಲ್ಲಿ ಮತದಾರರಲ್ಲಿ ಹೆಂಗಸರೇ ಹೆಚ್ಚು, 2018ರಲ್ಲಿ ಗೆದ್ದವರಲ್ಲಿ ಒಬ್ಬಳೂ ಇರಲಿಲ್ಲ. 2023ರಲ್ಲಿ ಮೂವರು ಗೆದ್ದರು, ಅವರಲ್ಲಿ ಬ್ಯಾರಿಲ್ ವನ್ನೈಹ್ಸಂಗಿ ಮರುವರ್ಷ ಸಭಾಧ್ಯಕ್ಷೆಯಾದರು. ಚರ್ಚಿನ ಒಳಗೂ ಇದೇ ನೋಟ. ಹಿಡಿಹಿಡಿ ಅಕ್ಕಿ ಕೂಡಿಟ್ಟು ಅದನ್ನು ಸಾಕಿದವರು ಹೆಂಗಸರು. ಅವರಿಗೆ ಸಭಾಪಾಲಕಿಯ ದೀಕ್ಷೆ ಕೊಡಬೇಕೆ ಎಂಬ ಪ್ರಶ್ನೆ ಮಿಜೋ ಪ್ರೆಸ್ಬಿಟೇರಿಯನ್ ವಲಯದಲ್ಲಿ ದಶಕಗಳಿಂದ ಎಳೆದಾಡುತ್ತಲೇ ಇದೆ. ದೇವಶಾಸ್ತ್ರದ ಪದವಿ ಪಡೆದ ಹೆಣ್ಣುಮಕ್ಕಳು ಅಲ್ಲಿ ಕಡಿಮೆಯಿಲ್ಲ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಓದಿ ಹೋದವರೂ ಇದ್ದಾರೆ. ಓದಿಸಿ, ಪೀಠದ ಮೆಟ್ಟಿಲ ಬಳಿ ನಿಲ್ಲಿಸುವುದು ಅನ್ಯಾಯ. ಆಸ್ತಿಯ ವಿಷಯದಲ್ಲಿ ಮಾತ್ರ ಸ್ವಲ್ಪ ದಾರಿ ಬಿಟ್ಟಿದೆ. ಮಿಜೋ ಹೆಂಗಸರ ಸಂಘಟನೆಯಾದ ಎಂಎಚ್‌ಐಪಿಯ ದೀರ್ಘ ಒತ್ತಾಯದಿಂದ 2014ರಲ್ಲಿ ಬಂದ ಮದುವೆ, ವಿಚ್ಛೇದನ, ಉತ್ತರಾಧಿಕಾರದ ಕಾಯ್ದೆ, ದಾಂಪತ್ಯದಲ್ಲಿ ಗಳಿಸಿದ ಆಸ್ತಿಯಲ್ಲಿ ಹೆಂಡತಿಗೂ ಪಾಲು ಕೊಟ್ಟಿತು.

ದೇಹಕ್ಕೆ ಸಂಬಂಧಿಸಿದ ಮಾತು ಬಂದಾಗ ಚರ್ಚು ಇನ್ನೂ ಬಿಗಿಯಾಗುತ್ತದೆ. ಸಲಿಂಗ ಸಂಬಂಧ ಪಾಪ ಎಂಬ ನಿಲುವಿನಲ್ಲಿ ಮಿಜೋ, ನಾಗಾ ಚರ್ಚುಗಳು ಕದಲಿಲ್ಲ. ಆ ಮನೆಗಳಲ್ಲಿ ಹುಟ್ಟಿದ ಸಲಿಂಗಿ ಮಕ್ಕಳು ಚರ್ಚನ್ನೂ ಊರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ, ಏಕೆಂದರೆ ಅಲ್ಲಿ ಎರಡೂ ಒಂದೇ. ಎಚ್‌ಐವಿ ವಿಷಯದಲ್ಲಿ ಈ ಬಿಗಿತಕ್ಕೆ ಜೀವಗಳ ಬೆಲೆ ಇದೆ. ವಯಸ್ಕರಲ್ಲಿ ಸೋಂಕಿನ ಪ್ರಮಾಣ ದೇಶದಲ್ಲಿ ಶೇ 0.2ರ ಆಸುಪಾಸು, ಮಿಜೋರಂನಲ್ಲಿ ಶೇ 2.7ರ ಆಸುಪಾಸು. ದೇಶದಲ್ಲೇ ಹೆಚ್ಚು. ಮ್ಯಾನ್ಮಾರ್ ಗಡಿಯಿಂದ ಹೆರಾಯಿನ್ ಬರುತ್ತದೆ, ಸೂಜಿ ಹಂಚಿಕೊಳ್ಳುತ್ತಾರೆ. ಕಾಂಡೋಮ್ ಮತ್ತು ಶುದ್ಧ ಸೂಜಿಯ ಮಾತನ್ನು ಬಹುಕಾಲ ಅನೀತಿಗೆ ಕೊಟ್ಟ ಒಪ್ಪಿಗೆಯೆಂದು ನೋಡಲಾಯಿತು. ಇನ್ನೊಂದು ಕಡೆ, ರೋಗಿಗಳನ್ನು, ವ್ಯಸನಿಗಳನ್ನು ಹಾಸಿಗೆ ಹಾಕಿ ನೋಡಿಕೊಂಡದ್ದೂ ದುರ್ತ್ಲಾಂಗ್‌ನ ಪ್ರೆಸ್ಬಿಟೇರಿಯನ್ ಆಸ್ಪತ್ರೆಯಂಥ ಚರ್ಚಿನ ಸಂಸ್ಥೆಗಳೇ. ಆರೈಕೆ ಮಾಡುವ ಆ ಕೈಗಳೇ ರೋಗ ಬಾರದಂತೆ ತಡೆಯುವ ಮಾತನ್ನೂ ಪೀಠದ ಮೇಲೆ ನಿಂತು ನಾಚಿಕೆಯಿಲ್ಲದೆ ಆಡಬೇಕು.

ಚರ್ಚಿನ ಹೃದಯ ದೊಡ್ಡದಾಗಿ ತೆರೆದದ್ದು 2021ರಲ್ಲಿ. ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಅಲ್ಲಿನ ಚಿನ್ ಜನ ಗಡಿಯ ತಿಯಾವು ನದಿ ದಾಟಿ ಬರತೊಡಗಿದರು. ಒಳಗೆ ಬಿಡಬೇಡಿ ಎಂದು ಕೇಂದ್ರದ ಗೃಹ ಸಚಿವಾಲಯ ಪತ್ರ ಬರೆಯಿತು. ಮುಖ್ಯಮಂತ್ರಿ ಜೋರಂಥಂಗಾ ಪ್ರಧಾನಿಗೆ ಪತ್ರ ಬರೆದು, ಈ ಸಂಕಟಕ್ಕೆ ಮಿಜೋರಂ ಬೆನ್ನು ತೋರಿಸಲಾಗದು ಎಂದರು. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಆಶ್ರಯ ಪಡೆದರು. 2023ರಲ್ಲಿ ಮಣಿಪುರದಿಂದ ಓಡಿಬಂದ ಕುಕಿ ಜನರೂ ಸೇರಿದರು. ಅಕ್ಕಿ, ಬಟ್ಟೆ, ಹೊದಿಕೆ ಹೊಂದಿಸಿದವರು ಚರ್ಚುಗಳು ಮತ್ತು ಊರೂರಿನ ಯಂಗ್ ಮಿಜೋ ಅಸೋಸಿಯೇಷನ್ ಹುಡುಗರು. ಆದರೆ ಬಂದವರು ರಕ್ತಸಂಬಂಧಿಗಳು, ಒಂದೇ ಧರ್ಮದವರು. 1997ರಲ್ಲಿ ಜನಾಂಗೀಯ ಘರ್ಷಣೆಗೆ ಹೆದರಿ ಸಾವಿರಾರು ಬ್ರು ಜನ ಇದೇ ಮಿಜೋರಂ ಬಿಟ್ಟು ತ್ರಿಪುರಾದ ಶಿಬಿರಗಳಿಗೆ ಓಡಿದ್ದರು. ಎರಡು ದಶಕ ಅವರು ಅಲ್ಲೇ ಕೊಳೆತರು, ಕೊನೆಗೆ 2020ರ ಜನವರಿಯ ಒಪ್ಪಂದದಲ್ಲಿ ಅವರಿಗೆ ನೆಲೆ ಸಿಕ್ಕಿದ್ದು ತ್ರಿಪುರಾದಲ್ಲಿ, ತವರಿನಲ್ಲಲ್ಲ. ಚಿನ್ ತಾಯಿಗೆ ಬಾಗಿಲು ತೆರೆದ ಸಮಾಜ ಬ್ರು ತಾಯಿಯನ್ನು ವಾಪಸು ಕರೆತರಲು ಅದೇ ಉತ್ಸಾಹ ತೋರಲಿಲ್ಲ. ನೆರೆಯವನನ್ನು ಪ್ರೀತಿಸು ಎಂದು ಸಾರುವ ಚರ್ಚನ್ನು ಅದರ ಬೋಧೆಯ ಅಳತೆಯಲ್ಲೇ ಇಲ್ಲಿ ಪ್ರಶ್ನಿಸಬೇಕಾಗುತ್ತದೆ.

ಮಿಜೋರಂನ ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಅದಕ್ಕೆ ಮುಂಚೆ ಪಕ್ಷಗಳು ಮತ್ತೊಮ್ಮೆ ಫೋರಂನ ಒಡಂಬಡಿಕೆಯ ಮುಂದೆ ಕೂರುತ್ತವೆ. ಬಾಡೂಟ ಬೇಡ, ಬ್ಯಾನರ್ ಬೇಡ ಎಂಬ ಸಾಲುಗಳ ಜತೆಗೆ, ಪ್ರತಿ ಪಕ್ಷ ಇಂತಿಷ್ಟು ಹೆಂಗಸರಿಗೆ, ಅದೂ ಗೆಲ್ಲಬಲ್ಲ ಕ್ಷೇತ್ರಗಳಲ್ಲಿ, ಟಿಕೆಟ್ ಕೊಡಬೇಕು ಎಂಬ ಸಾಲನ್ನೂ ಸೇರಿಸಲು ಫೋರಂಗೆ ಯಾವ ಕಾನೂನಿನ ಹಂಗೂ ಇಲ್ಲ. ಚಕ್ಮಾ ಊರುಗಳಲ್ಲಿ, ಮಿಜೋರಂನಲ್ಲೇ ಉಳಿದ ಬ್ರು ಊರುಗಳಲ್ಲಿ ನಡೆಯುವ ವೇದಿಕೆಯನ್ನು ಆ ಜನರೇ ನಡೆಸಲಿ ಎನ್ನುವುದಕ್ಕೂ ಯಾರ ಅಪ್ಪಣೆ ಬೇಕಿಲ್ಲ. ಕಾಗದ ಬರೆಯುವವರು ಸಿನಾಡ್‌ನ ಹಿರಿಯರು. ಅಕ್ಕಿ ಕೊಡುವ ಹೆಂಗಸರು ಈ ಎರಡು ಸಾಲುಗಳನ್ನು ಅವರಿಂದ ಈಗಲೇ ಕೇಳಬೇಕು.